ಪಿಯುಸಿಗೆ ಬಂದ ಮಗ ಆಟವನ್ನೇ ಬಿಟ್ಟಿದ್ದಾನೆ. ನಿಮ್ಮ ಮನೆಯಲ್ಲೂ ಹೀಗೆಯೇ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದವರು. ಮಗ ಪ್ರಥಮ ಪಿಯುಸಿ ವಿಜ್ಞಾನ, ಮಗಳು ಎಂಟನೇ ತರಗತಿ. ಮಗ ಏಳನೇ ತರಗತಿಯಲ್ಲಿದ್ದಾಗ ಅವನನ್ನು ಮೈದಾನದಿಂದ ಮನೆಗೆ ಕರೆತರುವುದೇ ಸಾಹಸವಾಗಿತ್ತು. ಈಗ ಮನೆಯಿಂದ ಹೊರಡಿಸುವುದು ಸಾಹಸ. ಕಾಲೇಜು, ಅದರ ಬೆನ್ನಿಗೇ ಸಿಇಟಿ–ನೀಟ್ ಕೋಚಿಂಗ್, ಬರುವಾಗ ಸಂಜೆ ಆರು ದಾಟಿರುತ್ತದೆ. ಅದನ್ನು ಒಪ್ಪಿಕೊಳ್ಳೋಣ. ಆದರೆ ಭಾನುವಾರ ಇಡೀ ದಿನ ಬಿಡುವು. ಅಂದೂ ಮಂಚ ಬಿಟ್ಟು ಏಳುವುದಿಲ್ಲ. ಜಿಮ್‌ಗೆ ಸೇರಿಸುತ್ತೇನೆ ಎಂದೆ, ಬೇಡವಂತೆ. ಗೇರ್ ಸೈಕಲ್ ಕೊಡಿಸಿದೆ, ಮೆಟ್ಟಿಲ ಕೆಳಗೆ ನಿಂತಿದೆ. ಬೆಳಿಗ್ಗೆ ನನ್ನ ಜೊತೆ ವಾಕಿಂಗ್ ಬಾ ಎಂದರೆ ನಾನೇನೋ ಶಿಕ್ಷೆ ವಿಧಿಸಿದಂತೆ ನೋಡುತ್ತಾನೆ.

ಶಾಲೆಯ ಆಟದ ಅವಧಿಯ ಬಗ್ಗೆ ನಾನು ಕೇಳುತ್ತಿಲ್ಲ. ತಮ್ಮದೇ ಸಮಯದಲ್ಲಿ, ಯಾರೂ ಹೇಳದೆ, ಈ ವಯಸ್ಸಿನ ಮಕ್ಕಳು ಮೈ ಬಗ್ಗಿಸುವಂತೆ ಮಾಡುವುದು ಯಾವುದು? ತಡೆಯುವುದು ಯಾವುದು? ಉಪದೇಶ ನನ್ನ ಹತ್ತಿರವೇ ಬೇಕಾದಷ್ಟಿದೆ. ನಿಮ್ಮ ಮನೆಯಲ್ಲಿ ನಿಜವಾಗಿ ನಡೆದದ್ದನ್ನು ಹೇಳಿ.

ನಿವೃತ್ತ_ಗುಮಾಸ್ತ
ಮೊಬೈಲ್ ಕಿತ್ತುಕೊಳ್ಳಿ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ. ಚರ್ಚೆ ಮುಗಿಯಿತು.

ಲೆಕ್ಕದಕ್ಕ
ಹಿರಿಯರೇ, ಅಷ್ಟು ಬೇಗ ಮುಗಿಸಬೇಡಿ. ನಾನು ಪಿಯು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು, ಆದ್ದರಿಂದ ಒಂದು ಲೆಕ್ಕ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2019ರಲ್ಲಿ 146 ದೇಶಗಳ, 11ರಿಂದ 17 ವರ್ಷದ ಸುಮಾರು 16 ಲಕ್ಷ ವಿದ್ಯಾರ್ಥಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ದಿನಕ್ಕೆ ಒಂದು ಗಂಟೆಯಷ್ಟೂ ಮೈ ದಣಿಸದವರು ಜಗತ್ತಿನಲ್ಲಿ ಶೇ 81. ಹುಡುಗಿಯರಲ್ಲಿ ಶೇ 85, ಹುಡುಗರಲ್ಲಿ ಶೇ 78. ಇದು 2016ರ ಸ್ಥಿತಿ. 2001ರಲ್ಲಿ ಎಷ್ಟಿತ್ತು ಗೊತ್ತೇ? ಹುಡುಗಿಯರಲ್ಲಿ ಹೆಚ್ಚುಕಡಿಮೆ ಅಷ್ಟೇ, ಹುಡುಗರಲ್ಲಿ ಶೇ 80. 2001ರಲ್ಲಿ ಯಾವ ಮಗುವಿನ ಕೈಯಲ್ಲಿ ಸ್ಮಾರ್ಟ್‌ಫೋನ್ ಇತ್ತು? ಎಲ್ಲವನ್ನೂ ಮೊಬೈಲ್ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳುತ್ತಿದ್ದೇವೆ.

ನಿವೃತ್ತ_ಗುಮಾಸ್ತ
ಅಂಕಿ ಅಂಶ ನೀವು ಇಟ್ಟುಕೊಳ್ಳಿ ತಾಯಿ. ನಮ್ಮ ಬೀದಿಯಲ್ಲಿ ಮೊದಲು ಲಗೋರಿ, ಚಿನ್ನಿದಾಂಡು, ಬುಗುರಿ ಎಲ್ಲ ಇತ್ತು. ಈಗ ಇಲ್ಲ. ಇದಕ್ಕೆ 146 ದೇಶ ಸುತ್ತಬೇಕಿಲ್ಲ.

ಹದಿನಾಲ್ಕನೇ_ಮಹಡಿ
ನಿಮ್ಮ ಬೀದಿಯಲ್ಲಿ ಆಗ ಎಷ್ಟು ಕಾರು ನಿಲ್ಲುತ್ತಿದ್ದವು ಸರ್? ಲಗೋರಿ ಹೋಗಿದ್ದು ಮೊಬೈಲಿನಿಂದಲೋ ಪಾರ್ಕಿಂಗ್‌ನಿಂದಲೋ?

ನಿವೃತ್ತ_ಗುಮಾಸ್ತ
ಎರಡರಿಂದಲೂ. ಸರಿಯೇ?

ಮೈದಾನದ_ಮೇಷ್ಟ್ರು
ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ ನಾನು. ತುಂಗಾತೀರ ಸರ್ ಶಾಲೆಯ ಮಾತು ಬೇಡ ಎಂದಿದ್ದಾರೆ, ಆದರೆ ಬಿಡುವಿನ ಹೊತ್ತಿನ ರೋಗದ ಬೇರು ಶಾಲೆಯಲ್ಲೇ ಇದೆ ಎಂಬುದು ನನ್ನ ಅನುಭವ.

ಎಂಟನೇ ತರಗತಿಗೆ ಬರುವಾಗ ಎಲ್ಲ ಮಕ್ಕಳೂ ಆಡುತ್ತಾರೆ. ಸೀಟಿ ಊದಿದರೆ ಸಾಕು, ಅಂಗಳ ತುಂಬುತ್ತದೆ. ಆಗಸ್ಟ್ ಬಂತೆಂದರೆ ನಮಗೆ ವಲಯ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟದ ಕ್ರೀಡಾಕೂಟಗಳ ತಲೆಬಿಸಿ. ಶಾಲೆಗೆ ಹೆಸರು ಬರಬೇಕು. ಖೋ ಖೋಗೆ, ಕಬಡ್ಡಿಗೆ, ಓಟಕ್ಕೆ ಒಳ್ಳೆಯವರನ್ನು ಆರಿಸುತ್ತೇವೆ. ಮೂರು ನೂರು ಮಕ್ಕಳಲ್ಲಿ ನಲವತ್ತು ಮಂದಿ ಆಯ್ಕೆಯಾದರೆ ಹೆಚ್ಚು. ಉಳಿದವರ ಕೆಲಸ ಚಪ್ಪಾಳೆ ಹೊಡೆಯುವುದು. ಹದಿಮೂರನೇ ವಯಸ್ಸಿಗೇ ಆ ಮಕ್ಕಳಿಗೆ 'ಆಟ ನಮ್ಮದಲ್ಲ, ಅವರದು' ಎಂಬುದು ಮನಸ್ಸಿಗೆ ಇಳಿದುಬಿಡುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ.

ಹತ್ತನೇ ತರಗತಿಯದು ಬೇರೆಯೇ ಕಥೆ. ಡಿಸೆಂಬರ್ ನಂತರ ನನ್ನ ಅವಧಿಗಳೆಲ್ಲ ಗಣಿತ, ವಿಜ್ಞಾನದ ವಿಶೇಷ ತರಗತಿಗಳಿಗೆ ಹೋಗುತ್ತವೆ. ನಾನೂ ಒಪ್ಪುತ್ತೇನೆ, ಫಲಿತಾಂಶ ಕಡಿಮೆಯಾದರೆ ಮುಖ್ಯ ಶಿಕ್ಷಕರಿಗೆ ನೋಟಿಸ್ ಬರುತ್ತದೆ. ಪಿಯುಸಿಗೆ ಹೋದ ಮೇಲೆ ಹೆಚ್ಚಿನ ಕಾಲೇಜುಗಳ ವೇಳಾಪಟ್ಟಿಯಲ್ಲಿ ಆಟದ ಅವಧಿಯೇ ಇರುವುದಿಲ್ಲ. ಹೀಗೆ ಮೂರು ನಾಲ್ಕು ವರ್ಷ ಆಟವೆಂದರೆ ಕಾಲಹರಣ ಎಂದು ಪಾಠ ಹೇಳಿ, ಆಮೇಲೆ ಭಾನುವಾರ 'ಏಳು, ಆಡು' ಎಂದರೆ ಹುಡುಗ ಏಳುತ್ತಾನೆಯೇ?

ಹಳ್ಳಿಹೈದ
ಮೇಷ್ಟ್ರೇ, ಮಾತು ನಿಜ. ಆದರೆ ಎಷ್ಟು ಶಾಲೆಗೆ ಮೈದಾನವಿದೆ ಹೇಳಿ? 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು ಎನ್ನುತ್ತದೆ. ನಮ್ಮ ತಾಲ್ಲೂಕು ಕೇಂದ್ರದಲ್ಲಿ ಎರಡು ಅಂತಸ್ತಿನ ಖಾಸಗಿ ಶಾಲೆಯೊಂದು ಮದುವೆ ಛತ್ರದ ಪಕ್ಕದಲ್ಲಿದೆ. ಅದರ ಮೈದಾನ ಎಂದರೆ ಶಾಲಾ ಬಸ್ ತಿರುಗಿಸುವ ಜಾಗ.

ದ್ವಿತೀಯ_ಪಿಯು
ಇಷ್ಟು ಹೊತ್ತು ಎಲ್ಲ ದೊಡ್ಡವರೇ ಮಾತನಾಡುತ್ತಿದ್ದೀರಿ, ನಾನು ಹದಿನೇಳು ವರ್ಷದವಳು, ತುಮಕೂರಿನವಳು. ಹೇಳಬಹುದೇ?

ನಮ್ಮ ಬಡಾವಣೆಯ ಮೈದಾನದಲ್ಲಿ ಸಂಜೆ ಹುಡುಗರ ಕ್ರಿಕೆಟ್. ಒಂದೇ ಮೈದಾನದಲ್ಲಿ ನಾಲ್ಕು ಪಂದ್ಯ ಒಟ್ಟಿಗೆ ನಡೆಯುತ್ತವೆ. ಹುಡುಗಿಯರು ಒಳಗೆ ಕಾಲಿಟ್ಟರೆ ಆಟ ನಿಲ್ಲಿಸಿ ನೋಡುತ್ತಾರೆ. ಉದ್ಯಾನಕ್ಕೆ ಹೋದರೆ 'ಚೆಂಡಾಟ ನಿಷೇಧ' ಎಂಬ ಫಲಕ. ಸುಮ್ಮನೆ ಓಡೋಣ ಎಂದರೆ ಬೆಂಚಿನ ಮೇಲೆ ಕುಳಿತ ಅಂಕಲ್‌ಗಳು 'ಯಾರ ಮಗಳಮ್ಮ ನೀನು, ಎಸ್‌ಎಸ್‌ಎಲ್‌ಸಿಯಲ್ಲಿ ಎಷ್ಟು ಬಂತು' ಎಂದು ನಿಲ್ಲಿಸುತ್ತಾರೆ. ಟ್ರ್ಯಾಕ್ ಪ್ಯಾಂಟ್, ಟೀ ಶರ್ಟ್ ಹಾಕಿಕೊಂಡು ಬೀದಿಯ ತುದಿ ದಾಟುವಷ್ಟರಲ್ಲಿ ಅಮ್ಮನಿಗೆ ಫೋನ್ ಬಂದಿರುತ್ತದೆ. ಬಿಸಿಲಿನಲ್ಲಿ ಆಡಿದರೆ ಕಪ್ಪಾಗುತ್ತೀ ಎನ್ನುತ್ತಾರೆ ಅಜ್ಜಿ. ಕತ್ತಲಾಗುವ ಮೊದಲು ಮನೆಗೆ ಬಾ ಎನ್ನುತ್ತಾರೆ ಅಪ್ಪ. ಟ್ಯೂಷನ್ ಬಿಡುವುದೇ ಆರೂವರೆಗೆ. ಹಾಗಾದರೆ ಬಿಸಿಲೂ ಇಲ್ಲದ, ಕತ್ತಲೂ ಇಲ್ಲದ ಹೊತ್ತು ಯಾವುದು?

ಮುಟ್ಟಿನ ದಿನಗಳ ಬಗ್ಗೆ ಯಾರೂ ಮಾತೇ ಆಡುವುದಿಲ್ಲ. ಪ್ರೌಢಶಾಲೆಯಲ್ಲಿ ಆ ದಿನಗಳಲ್ಲಿ ಕಲೆ ಬಿದ್ದೀತೆಂಬ ಭಯಕ್ಕೇ ಎಷ್ಟೋ ಹುಡುಗಿಯರು ಆಟದ ಅವಧಿಯಲ್ಲಿ ಹೊಟ್ಟೆನೋವು ಎಂದು ಮರದ ಕೆಳಗೆ ಕುಳಿತಿರುತ್ತಿದ್ದರು. ಹಾಗೆ ಕೂರುವುದು ಆಮೇಲೆ ಅಭ್ಯಾಸವಾಗುತ್ತದೆ.

ಆದರೂ ನಾನು ಮತ್ತು ಪಕ್ಕದ ಮನೆಯ ಗೆಳತಿ ರಾತ್ರಿ ಊಟಕ್ಕೆ ಮೊದಲು ತಾರಸಿಯ ಮೇಲೆ ಹಗ್ಗದಾಟ ಆಡುತ್ತೇವೆ, ಹಾಡು ಹಾಕಿಕೊಂಡು ಕುಣಿಯುತ್ತೇವೆ. ಅವಳು ಊರಿಗೆ ಹೋದ ದಿನ ನಾನೂ ಮಾಡುವುದಿಲ್ಲ. ಒಬ್ಬಳೇ ಮಾಡಲು ಬೇಸರ.

ನಿವೃತ್ತ_ಗುಮಾಸ್ತ
ತಾರಸಿಯ ಮೇಲೆ ಕುಣಿಯುವುದು ವ್ಯಾಯಾಮ ಹೇಗಾಯಿತು ಮಗೂ? ಸೂರ್ಯ ನಮಸ್ಕಾರ ಮಾಡು.

ದ್ವಿತೀಯ_ಪಿಯು
ಅಜ್ಜಾ, ಯೋಗವನ್ನು ಪ್ರತಿ ವರ್ಷ ಜೂನ್ 21ರಂದು ಮಾಡುತ್ತೇವೆ. ಚಾಪೆ ಹಾಸಿ, ಸಾಲಾಗಿ ಕುಳಿತು, ಫೋಟೊ ತೆಗೆಸಿಕೊಂಡು, ಬಾಳೆಹಣ್ಣು ತಿಂದು ಬರುತ್ತೇವೆ.

ಮಕ್ಕಳ_ವೈದ್ಯೆ
ಹುಡುಗಿ ಹೇಳಿದ ಹಗ್ಗದಾಟವೂ ಕುಣಿತವೂ ಪಕ್ಕಾ ವ್ಯಾಯಾಮವೇ, ಸಂಶಯ ಬೇಡ. ಸುಲಭದ ಪರೀಕ್ಷೆ ಇದು: ಮಾಡುತ್ತಿರುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಉಸಿರು ಬಂದರೆ ಹೃದಯಕ್ಕೆ ಕೆಲಸ ಸಿಕ್ಕಿದೆ ಎಂದು ಅರ್ಥ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎಲ್ಲವೂ ಒಂದೇ ಸಲ ಆಗಬೇಕಿಲ್ಲ. ವಾರದಲ್ಲಿ ಮೂರು ದಿನ ಮೂಳೆ, ಸ್ನಾಯುಗಳಿಗೆ ಬಲ ಕೊಡುವಂಥದ್ದು ಇರಲಿ. ಜಿಗಿತ, ಹತ್ತುವುದು, ಎಳೆಯುವುದು, ಯಾವುದಾದರೂ ಸರಿ.

ಇನ್ನು ಬೆಳಿಗ್ಗೆ ಐದಕ್ಕೆ ಎಬ್ಬಿಸುವ ವಿಚಾರ. ಹದಿಹರೆಯದಲ್ಲಿ ದೇಹದೊಳಗಿನ ಗಡಿಯಾರವೇ ತಡವಾಗಿ ಓಡುತ್ತದೆ. ನಿದ್ರೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. ಆ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ರೆ ಬೇಕು. ರಾತ್ರಿ ಹನ್ನೊಂದೂವರೆಯವರೆಗೆ ಓದಿಸಿ ಐದಕ್ಕೆ ಎಬ್ಬಿಸಿದರೆ ವ್ಯಾಯಾಮವೂ ಆಗುವುದಿಲ್ಲ, ತರಗತಿಯಲ್ಲಿ ತೂಕಡಿಕೆ ಉಚಿತ. ಭಾನುವಾರ ಮಂಚ ಬಿಡದ ಹುಡುಗ ಸೋಮಾರಿಯಲ್ಲ, ನಿದ್ದೆಗೆಟ್ಟವನಿರಬಹುದು ಸರ್.

ಓಟದ_ಹುಡುಗ
ಮೇಡಂ, ನಾವು ದಿನಾ ಐದಕ್ಕೆ ಏಳುತ್ತೇವೆ. ಬಾಗಲಕೋಟೆ ಜಿಲ್ಲೆಯವನು ನಾನು, 19 ವರ್ಷ. ನಮ್ಮೂರಿನ ಹುಡುಗರೆಲ್ಲ ಹೆದ್ದಾರಿ ಅಂಚಿನಲ್ಲಿ ಓಡುತ್ತೇವೆ. ಯಾರಿಗೂ ಆರೋಗ್ಯದ ಚಿಂತೆ ಇಲ್ಲ. ಅಗ್ನಿವೀರ್‌ಗೆ 1.6 ಕಿ.ಮೀ.ಯನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ 60 ಅಂಕ. ಪೊಲೀಸ್ ಕಾನ್‌ಸ್ಟೆಬಲ್‌ಗೆ 1600 ಮೀಟರ್‌ಗೆ ಆರೂವರೆ ನಿಮಿಷ. ಗಡಿಯಾರ ಹಿಡಿದೇ ಓಡುತ್ತೇವೆ. ಪ್ರೇರಣೆ ಎಲ್ಲಿಂದ ಬರುತ್ತದೆ ಎಂದು ಇಲ್ಲಿ ಕೇಳುತ್ತಿದ್ದೀರಿ. ನಮಗೆ ನೌಕರಿಯೇ ಪ್ರೇರಣೆ.

ಲೆಕ್ಕದಕ್ಕ
ನೌಕರಿ ಸಿಕ್ಕ ಮೇಲೆ? ಸಿಗದಿದ್ದರೆ?

ಓಟದ_ಹುಡುಗ
ಎರಡರಲ್ಲೂ ಓಟ ನಿಲ್ಲುತ್ತದೆ ಅಕ್ಕಾ. ನಮ್ಮ ಜೊತೆ ಓಡುತ್ತಿದ್ದ ಒಬ್ಬ ಅಣ್ಣ ವಯೋಮಿತಿ ದಾಟಿದ ಮರುದಿನದಿಂದ ಶೂ ಹಾಕಲಿಲ್ಲ. ಈಗ ಚಹಾ ಅಂಗಡಿಯಲ್ಲಿ ಕುಳಿತು ನಮಗೆ ಓಡುವ ಕ್ರಮ ಹೇಳಿಕೊಡುತ್ತಾನೆ. ಇನ್ನೊಂದು ಮಾತು, ಹೆದ್ದಾರಿಯಲ್ಲಿ ಓಡುವುದು ಖುಷಿಗಲ್ಲ. ಲಾರಿಗಳ ಭಯ ಇದ್ದೇ ಇದೆ. ತಾಲ್ಲೂಕು ಕ್ರೀಡಾಂಗಣ ನಮ್ಮೂರಿಂದ 22 ಕಿ.ಮೀ. ದೂರ. ಮಾರ್ಚ್‌ನಿಂದ ಮೇ ತನಕ ಸಂಜೆ ಆರರವರೆಗೂ ನೆಲ ಕಾದಿರುತ್ತದೆ. ಹಾಗಾಗಿ ನಸುಕೇ ಗತಿ.

ಹಳ್ಳಿಹೈದ
ಹೊಲದಲ್ಲಿ ದುಡಿಯುವ ಮಕ್ಕಳಿಗೆ ಬೇರೆ ವ್ಯಾಯಾಮ ಏಕೆ ಎಂದು ನಮ್ಮ ಕಡೆ ಕೇಳುತ್ತಾರೆ. ಅದಕ್ಕೇನು ಹೇಳುತ್ತೀರಿ?

ಲೆಕ್ಕದಕ್ಕ
ಹೊಲದಲ್ಲಿ ದುಡಿದರೆ ಮೈ ದಣಿಯುತ್ತದೆ, ಖಂಡಿತ ಲೆಕ್ಕಕ್ಕೆ ಬರುತ್ತದೆ. ನಾನು ಮೊದಲು ಹೇಳಿದ ವರದಿಯಲ್ಲಿ ಮೈ ದಣಿಸದವರು ಭಾರತದಲ್ಲಿ ಶೇ 74ರ ಆಸುಪಾಸು, ದಕ್ಷಿಣ ಕೊರಿಯಾದಲ್ಲಿ ಶೇ 94. ನಮ್ಮಲ್ಲಿ ಹುಡುಗರು ಕ್ರಿಕೆಟ್ ಆಡುವುದು, ಹುಡುಗಿಯರು ಮನೆಗೆಲಸ ಮಾಡುವುದು ಇದಕ್ಕೆ ಕಾರಣವಿರಬಹುದು ಎಂದು ಸಂಶೋಧಕರೇ ಊಹಿಸಿದ್ದರು. ಅಂದರೆ ನಮ್ಮ ಹುಡುಗಿಯರ 'ವ್ಯಾಯಾಮ' ಎಂದರೆ ನೀರು ಹೊರುವುದು, ಬಟ್ಟೆ ಒಗೆಯುವುದು. ಇದಕ್ಕೆ ಹೆಮ್ಮೆ ಪಡಬೇಕೋ ನಾಚಬೇಕೋ ನೀವೇ ಹೇಳಿ. ಮನೆಯಲ್ಲಿ ವಾಷಿಂಗ್ ಮೆಷಿನ್ ಬಂದ ದಿನ ಆ ಅಂಕಿಯೂ ಹೋಗುತ್ತದೆ.

ರೈನ್_ತೀರದಿಂದ
ಜರ್ಮನಿಯಿಂದ ಬರೆಯುತ್ತಿದ್ದೇನೆ, ಮೂಲತಃ ದಾವಣಗೆರೆ. ಇಲ್ಲಿ ಪ್ರತಿ ಸಣ್ಣ ಊರಿಗೂ ಕ್ರೀಡಾ ಸಂಘವಿರುತ್ತದೆ, 'ಫೆರೈನ್' ಎನ್ನುತ್ತಾರೆ. ಮಕ್ಕಳಿಗೆ ಸದಸ್ಯತ್ವ ಶುಲ್ಕ ತೀರಾ ಕಡಿಮೆ. ತರಬೇತಿ ಕೊಡುವವರು ಬಹುಪಾಲು ಅದೇ ಊರಿನ ಸ್ವಯಂಸೇವಕರು, ಯಾರದೋ ಅಪ್ಪ, ಯಾರದೋ ಚಿಕ್ಕಮ್ಮ. ಮೇಷ್ಟ್ರು ಹೇಳಿದ ಚಪ್ಪಾಳೆಯ ಸಮಸ್ಯೆಗೆ ಇಲ್ಲೊಂದು ಉತ್ತರ ಕಂಡಿದ್ದೇನೆ. ಒಂದೇ ಸಂಘದಲ್ಲಿ ಮೊದಲ ತಂಡ, ಎರಡನೆಯ ತಂಡ, ಮೂರನೆಯ ತಂಡ ಎಂದು ಇರುತ್ತದೆ. ಚೆನ್ನಾಗಿ ಆಡಲು ಬಾರದವರ ತಂಡಕ್ಕೆ ಅಂಥವರದೇ ಎದುರಾಳಿ ತಂಡ ಸಿಗುತ್ತದೆ. ನನ್ನ ಮಗಳ ಹ್ಯಾಂಡ್‌ಬಾಲ್ ತಂಡ ಸೋಲದ ವಾರವಿಲ್ಲ. ಆದರೂ ಮಳೆ ಬಂದರೂ ಬಿಡದೆ ಹೋಗುತ್ತಾಳೆ, ಏಕೆಂದರೆ ಅವಳ ಗೆಳತಿಯರೆಲ್ಲ ಅಲ್ಲೇ ಇದ್ದಾರೆ.

ಲೆಕ್ಕದಕ್ಕ
ಚೆನ್ನಾಗಿದೆ. ಆದರೆ ಅದೇ ವರದಿಯಲ್ಲಿ ಜರ್ಮನಿಯ ಅಂಕಿ ಶೇ 80ಕ್ಕೂ ಮೇಲೆ, ಅಂದರೆ ನಮಗಿಂತ ಕೆಟ್ಟದ್ದು.

ರೈನ್_ತೀರದಿಂದ
ನೀವು ಕೈಯಲ್ಲಿ ವರದಿ ಹಿಡಿದೇ ಕುಳಿತಿರುತ್ತೀರಾ ಮೇಡಂ? ಸಂಘವಿದೆ ಎಂದ ಮಾತ್ರಕ್ಕೆ ಎಲ್ಲರೂ ಹೋಗುತ್ತಾರೆ ಎಂದು ನಾನು ಹೇಳಲಿಲ್ಲ. ಹದಿನಾಲ್ಕು ಹದಿನೈದಕ್ಕೆ ಇಲ್ಲಿಯೂ ಬಿಡುವವರು ಬಿಡುತ್ತಾರೆ. ಉಳಿದವರು ಏಕೆ ಉಳಿಯುತ್ತಾರೆ ಎಂಬುದಷ್ಟೇ ನನ್ನ ಮಾತು.

ಕಾಫಿತೋಟ
ಜರ್ಮನಿಗೆ ಏಕೆ ಹೋಗಬೇಕು, ಕೊಡಗಿಗೆ ಬನ್ನಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡವ ಕುಟುಂಬಗಳ ನಡುವೆ ಹಾಕಿ ಹಬ್ಬ ಆರಂಭಿಸಿದರು. ಒಂದು ಮನೆತನ, ಒಂದು ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡಗಳು ಆಡಿ ಗಿನ್ನೆಸ್ ದಾಖಲೆಯಾಯಿತು. ಒಂದೇ ತಂಡದಲ್ಲಿ ಅಜ್ಜ, ಮೊಮ್ಮಗಳು, ಬೆಂಗಳೂರಿನಿಂದ ರಜೆ ಹಾಕಿ ಬಂದ ಉಳುಕು ಕಾಲಿನ ಚಿಕ್ಕಪ್ಪ ಎಲ್ಲರೂ ಇರುತ್ತಾರೆ. ನಿನಗೆ ಆಡಲು ಬರುವುದಿಲ್ಲ, ಹೊರಗಿರು ಎಂದು ಯಾರು ಯಾರಿಗೆ ಹೇಳುತ್ತಾರೆ? ಹನ್ನೊಂದು ಮಂದಿ ಸೇರಿಸುವುದೇ ಕಷ್ಟವಾದ ಮನೆತನಗಳಿವೆ. ಅಲ್ಲಿ ಸ್ಟಿಕ್ ಹಿಡಿಯುವ ಪ್ರತಿ ಹುಡುಗಿಗೂ ಬೇಡಿಕೆ.

ಹದಿನಾಲ್ಕನೇ_ಮಹಡಿ
ವರ್ಷಕ್ಕೊಮ್ಮೆ ನಡೆಯುವ ಹಬ್ಬ ದಿನನಿತ್ಯದ ವ್ಯಾಯಾಮಕ್ಕೆ ಉತ್ತರವೇ?

ಕಾಫಿತೋಟ
ಹಬ್ಬ ಬೇಸಿಗೆಯಲ್ಲಿ. ಅಭ್ಯಾಸ ಅದಕ್ಕಿಂತ ಎಷ್ಟೋ ಮೊದಲೇ ಶುರುವಾಗುತ್ತದೆ. ಮನೆತನದ ಮರ್ಯಾದೆ ಪ್ರಶ್ನೆ ನೋಡಿ.

ಕಡಲಕರೆ
ನಮ್ಮ ಕರಾವಳಿಯಲ್ಲೂ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳಿಗೆ ಬರವಿಲ್ಲ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಕೆಸರುಗದ್ದೆ ಆಟವೆಂದರೆ ಬೀದಿಗೆ ಇಳಿಯದ ಹುಡುಗಿಯರೂ ಗದ್ದೆಗೆ ಇಳಿಯುತ್ತಾರೆ. ಅಲ್ಲಿ ಎಲ್ಲರೂ ಜಾರಿ ಬೀಳುವುದರಿಂದ ಯಾರು ಚೆನ್ನಾಗಿ ಓಡುತ್ತಾರೆ ಎಂಬುದೇ ಗೊತ್ತಾಗುವುದಿಲ್ಲ! ನನಗೆ ಅನ್ನಿಸುವುದು, ಮಕ್ಕಳಿಗೆ ವ್ಯಾಯಾಮದ ಮೇಲೆ ಕೋಪವಿಲ್ಲ, ನಗೆಪಾಟಲಾಗುವುದರ ಮೇಲೆ ಕೋಪ.

ಹುಬ್ಬಳ್ಳಿ_ಜಿಮ್
ನಾನು ಜಿಮ್ ತರಬೇತುದಾರ. ಹದಿನಾರು ಹದಿನೇಳರ ಹುಡುಗರು ನನ್ನ ಹತ್ತಿರ ಬರುವುದು ಹೊಸ ಸಿನಿಮಾ ಬಿಡುಗಡೆಯಾದಾಗ, ಕಾಲೇಜು ದಿನಾಚರಣೆ ಹತ್ತಿರ ಬಂದಾಗ. ಮೂರು ತಿಂಗಳಲ್ಲಿ ಹೊಟ್ಟೆಯ ಮೇಲೆ ಆರು ಗಂಟು ಬರಬೇಕು. ಎರಡನೇ ವಾರಕ್ಕೇ ಯಾವ ಪುಡಿ ತೆಗೆದುಕೊಳ್ಳಲಿ ಎಂದು ಕೇಳುತ್ತಾರೆ. ಮೊಟ್ಟೆ, ಶೇಂಗಾ, ಬೇಳೆ ಸಾಕು ಎಂದರೆ ನನಗೆ ಏನೂ ಗೊತ್ತಿಲ್ಲ ಎಂದು ಪಕ್ಕದ ಜಿಮ್‌ಗೆ ಹೋಗುತ್ತಾರೆ. ಕನ್ನಡಿಗೆ ಮೈ ತೋರಿಸುವ ಆಸೆಯಿಂದ ಬಂದವರು ಕನ್ನಡಿಯಲ್ಲಿ ಏನೂ ಬದಲಾಗದಿದ್ದರೆ ಬಿಡುತ್ತಾರೆ. ಜೊತೆಗಾರರೊಂದಿಗೆ ಬಂದವರು ಮಾತ್ರ ಉಳಿಯುತ್ತಾರೆ, ಇದು ನಾನು ವರ್ಷಗಳಿಂದ ನೋಡಿದ್ದು.

ಅಪ್ಪ ಅಮ್ಮಂದಿರದು ಇನ್ನೊಂದು ಭಯ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಹೋದರಲ್ಲ, ಮರುವಾರವೇ ಎಷ್ಟೋ ಮನೆಯವರು ಮಕ್ಕಳನ್ನು ಜಿಮ್ ಬಿಡಿಸಿದರು. 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದಾಗ ಮತ್ತೆ ಅದೇ. ಇನ್ನೊಂದು, ಭಾರ ಎತ್ತಿದರೆ ಹುಡುಗ ಎತ್ತರ ಬೆಳೆಯುವುದಿಲ್ಲವಂತೆ.

ಮಕ್ಕಳ_ವೈದ್ಯೆ
ಎತ್ತರ ಕುಗ್ಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಬಲ್ಲವರ ಕಣ್ಣೆದುರು, ಸರಿಯಾದ ಭಂಗಿಯಲ್ಲಿ, ಹಗುರದಿಂದ ಆರಂಭಿಸಿ ಮಾಡಿದರೆ ಹದಿಹರೆಯದವರಿಗೆ ಭಾರ ಎತ್ತುವ ವ್ಯಾಯಾಮ ಸುರಕ್ಷಿತ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಹೇಳಿದೆ. ಅಪಾಯವಿರುವುದು ಗೆಳೆಯರ ಪಂಥಕ್ಕೆ ಬಿದ್ದು ಒಮ್ಮೆಲೇ ಮಿತಿಮೀರಿ ಎತ್ತುವುದರಲ್ಲಿ, ಸ್ಟೆರಾಯ್ಡ್‌ನಲ್ಲಿ. ಹೃದಯದ ಬಗ್ಗೆ: ಓಡುವಾಗ ಎದೆನೋವು, ತಲೆ ಸುತ್ತಿ ಬೀಳುವುದು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಯಾರಾದರೂ ಹಠಾತ್ ತೀರಿಕೊಂಡಿರುವುದು, ಇವಿದ್ದರೆ ತಪ್ಪದೆ ಪರೀಕ್ಷೆ ಮಾಡಿಸಿ. ಇವಿಲ್ಲದ ಮಗುವನ್ನು ಹೆದರಿಸಿ ಕೂರಿಸುವುದೇ ನಾಳೆಯ ಹೃದಯಕ್ಕೆ ಕೇಡು.

ಹದಿನಾಲ್ಕನೇ_ಮಹಡಿ
ನಮ್ಮ ಬೆಂಗಳೂರಿನ ಗೋಳು ಕೇಳಿ. ಅಪಾರ್ಟ್‌ಮೆಂಟ್ ಸಂಘದ ನಿಯಮ: ಕೆಳಗಿನ ಅಂಗಳದಲ್ಲಿ ಚೆಂಡು ಬೇಡ, ಗಾಜು ಒಡೆಯುತ್ತದೆ. ಸೈಕಲ್ ಬೇಡ, ಹಿರಿಯರಿಗೆ ತಾಗುತ್ತದೆ. ಸ್ಕೇಟಿಂಗ್ ಬೇಡ, ಟೈಲ್ಸ್ ಗೀರು ಬೀಳುತ್ತದೆ. ಎಂಟರ ನಂತರ ಗಲಾಟೆ ಬೇಡ. ಚಿಕ್ಕ ಮಕ್ಕಳಿಗೆ ಜಾರುಬಂಡೆ ಇದೆ, ದೊಡ್ಡವರಿಗೆ ನಡೆಯುವ ಹಾದಿ ಇದೆ. ಹದಿನೈದರವರಿಗೆ? ಜಾರುಬಂಡೆಯ ಹತ್ತಿರ ನಿಂತರೆ ಕಾವಲುಗಾರ ಓಡಿಸುತ್ತಾನೆ. ಫುಟ್‌ಬಾಲ್ ಟರ್ಫ್‌ಗೆ ಗಂಟೆಗೆ ಸಾವಿರದ ಮೇಲೆ, ಹತ್ತು ಹುಡುಗರು ಹಂಚಿಕೊಂಡರೂ ವಾರಕ್ಕೊಮ್ಮೆ ಅಷ್ಟೇ. ಬ್ಯಾಡ್ಮಿಂಟನ್‌ಗೆ ಹೋದರೆ ಗರಿಯ ಶಟಲ್ ಬೆಲೆ ಕೇಳಿ ನಾನೇ ಕುಳಿತುಬಿಟ್ಟೆ.

1985ರಲ್ಲೇ ಉದ್ಯಾನ, ಆಟದ ಬಯಲುಗಳನ್ನು ಉಳಿಸಲೆಂದು ರಾಜ್ಯದಲ್ಲಿ ಒಂದು ಕಾಯ್ದೆ ಬಂದಿದೆ. ಉಳಿದಿರುವ ಬಯಲಿಗೆ ಬೇಲಿ, ಬೇಲಿಗೆ ಬೀಗ. ಉಳಿಸುವುದೆಂದರೆ ಇದೇ ಇರಬೇಕು.

ನಿವೃತ್ತ_ಗುಮಾಸ್ತ
ಸರ್ಕಾರ ಸೈಕಲ್ ಕೊಡುತ್ತಿತ್ತಲ್ಲ, ಅದನ್ನೂ ನಿಲ್ಲಿಸಿದರು. ಈಗ ಬಸ್ಸೂ ಉಚಿತ. ಹುಡುಗಿಯರು ಎರಡು ಕಿಲೋಮೀಟರ್‌ಗೂ ಬಸ್ ಹತ್ತುತ್ತಾರೆ.

ದ್ವಿತೀಯ_ಪಿಯು
ಅಜ್ಜಾ, 'ಶಕ್ತಿ' ಬಂದ ಮೇಲೆ ನನ್ನ ಗೆಳತಿ ಹಳ್ಳಿಯಿಂದ ಜಿಲ್ಲಾ ಕ್ರೀಡಾಂಗಣಕ್ಕೆ ಅಭ್ಯಾಸಕ್ಕೆ ಬರಲು ಶುರು ಮಾಡಿದ್ದಾಳೆ. ಮೊದಲು ಬಸ್ಸಿನ ದುಡ್ಡಿಗೆ ಮನೆಯಲ್ಲಿ ಜಗಳವಾಗುತ್ತಿತ್ತು.

ಮೈದಾನದ_ಮೇಷ್ಟ್ರು
ಸೈಕಲ್ ವಿಷಯ ಸರಿ. 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೊಡುತ್ತಿದ್ದರು, ಕೋವಿಡ್ ಹೊತ್ತಿಗೆ ನಿಂತಿತು. ಮಳೆಗಾಲ ಕಳೆಯುವಷ್ಟರಲ್ಲಿ ಚೈನು ತುಕ್ಕು ಹಿಡಿಯುತ್ತಿತ್ತು ಎಂದು ಎಲ್ಲರೂ ಬೈದುಕೊಳ್ಳುತ್ತಿದ್ದರು. ಆದರೂ ಹುಡುಗಿಯರು ಗುಂಪು ಕಟ್ಟಿಕೊಂಡು ನಾಲ್ಕೈದು ಕಿಲೋಮೀಟರ್ ತುಳಿದು ಬರುತ್ತಿದ್ದರು. ಅದು ವ್ಯಾಯಾಮವೆಂದು ಅವರಿಗೆ ಗೊತ್ತೇ ಇರಲಿಲ್ಲ. ನನ್ನ ಪ್ರಕಾರ ಅದಕ್ಕೇ ಅದು ನಡೆಯಿತು.

ಹಳ್ಳಿಹೈದ
ಉಚಿತ ಬಸ್ ರಾಜಕೀಯ ಇಲ್ಲಿ ಬೇಡ, ಹಿಂದಿನ ಚರ್ಚೆ ಬೀಗ ಹಾಕುವ ಮಟ್ಟಕ್ಕೆ ಹೋಗಿತ್ತು.

ತುಂಗಾತೀರ
ಇಷ್ಟೊಂದು ಉತ್ತರ ನಿರೀಕ್ಷಿಸಿರಲಿಲ್ಲ. ಇದನ್ನೆಲ್ಲ ಮಗನಿಗೆ ಓದಲು ಕೊಟ್ಟೆ. ಮೊದಲು ನಕ್ಕ, ಆಮೇಲೆ 'ನೀವು ಬರುವುದಿಲ್ಲ ಎಂದಾದರೆ ನಾನು ಹೋಗುತ್ತೇನೆ' ಎಂದ. ಅಪ್ಪನ ಜೊತೆ ವಾಕಿಂಗ್ ಎಂದರೆ ದಾರಿಯುದ್ದಕ್ಕೂ ಅಂಕಗಳ ವಿಚಾರಣೆಯಂತೆ! ಕ್ರಿಕೆಟ್ ಏಕೆ ಬಿಟ್ಟೆ ಎಂದು ಕೇಳಿದೆ. ಒಂಬತ್ತನೇ ತರಗತಿಯಲ್ಲಿ ದಪ್ಪಗಾಗಿದ್ದಾಗ ಓಡುವುದನ್ನು ಯಾರೋ ವಿಡಿಯೊ ಮಾಡಿ ತರಗತಿಯ ಗುಂಪಿಗೆ ಹಾಕಿದ್ದರಂತೆ. ಅವತ್ತಿನಿಂದ ಆ ಮೈದಾನದ ಕಡೆಗೇ ಹೋಗಿಲ್ಲ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕಡಲಕರೆಯವರು ನಗೆಪಾಟಲು ಎಂದಿದ್ದು ಸುಮ್ಮನೆ ಅಲ್ಲ.

ಹುಬ್ಬಳ್ಳಿ_ಜಿಮ್
ಸರ್, ಇದು ಎಲ್ಲ ಕಡೆ ಇದೆ. ದಪ್ಪ ಇರುವ ಹುಡುಗ ಜಿಮ್ ಬಾಗಿಲಲ್ಲಿ ನಿಂತು ಒಳಗಿರುವ ತೆಳ್ಳಗಿನವರನ್ನು ನೋಡಿ ಹಿಂದೆ ತಿರುಗುವುದನ್ನು ಕಂಡಿದ್ದೇನೆ. ಮಧ್ಯಾಹ್ನ ಜನ ಕಡಿಮೆ ಇರುವ ಹೊತ್ತಿಗೆ ಬಾ ಎಂದು ಕರೆದರೆ ಬರುತ್ತಾರೆ.

ನಿವೃತ್ತ_ಗುಮಾಸ್ತ
ವಿಡಿಯೊ ಮಾಡಿದ್ದು ಮೊಬೈಲಿನಲ್ಲೇ ಅಲ್ಲವೇ? ನಾನು ಮೊದಲೇ ಹೇಳಿದ್ದೆ.

ಲೆಕ್ಕದಕ್ಕ
ಈ ಅಂಕ ನಿಮ್ಮದೇ ಹಿರಿಯರೇ, ಕೊಟ್ಟೆ.

ಕಡಲಕರೆ
ತುಂಗಾತೀರ ಸರ್, ಅವನಿಗೆ ಒಬ್ಬ ಗೆಳೆಯ ಸಾಕು. ಅದೇ ಮೈದಾನ ಬೇಡ, ಅದೇ ಆಟವೂ ಬೇಡ. ಹೊಸದನ್ನು ಆರಂಭಿಸಿದರೆ ಹಳೆಯ ಹೆಸರು ಹಿಂದೆ ಬರುವುದಿಲ್ಲ. ನಮ್ಮ ಮನೆಯಲ್ಲಿ ತಂಗಿಯ ಮಗ ಈಜಿಗೆ ಸೇರಿದ. ನೀರಿನೊಳಗೆ ಯಾರ ಹೊಟ್ಟೆ ಎಷ್ಟು ಎಂದು ಯಾರು ನೋಡುತ್ತಾರೆ ಎನ್ನುತ್ತಾನೆ.

ತುಂಗಾತೀರ
ಎದುರು ಮನೆಯ ಹುಡುಗನೊಬ್ಬ ಬ್ಯಾಡ್ಮಿಂಟನ್ ಆಡುತ್ತಾನೆ, ಅವನ ಜೊತೆ ಭಾನುವಾರ ಹೋಗಿ ನೋಡುತ್ತೇನೆ ಎಂದಿದ್ದಾನೆ. ನಾನು ಸ್ಕೂಟರಿನಲ್ಲಿ ಬಿಡಲೂ ಬರಬಾರದು ಎಂಬುದು ಷರತ್ತು. ಒಪ್ಪಿದ್ದೇನೆ. ಮಗಳ ವಿಷಯವೇ ಈಗ ಚಿಂತೆ. ಎಂಟನೇ ತರಗತಿ, ಮೇಷ್ಟ್ರು ಹೇಳಿದ ವಯಸ್ಸು.

ಮೈದಾನದ_ಮೇಷ್ಟ್ರು
ಅವಳಿಗೆ ಈಗಲೇ ಖೋ ಖೋ ಹಚ್ಚಿ ಸರ್. ಎರಡು ಕಂಬ, ಒಂದಿಷ್ಟು ಸುಣ್ಣ, ಇನ್ನೇನೂ ಬೇಡ. 2025ರ ಜನವರಿಯಲ್ಲಿ ದೆಹಲಿಯ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಆ ವಾರ ನಮ್ಮ ಶಾಲೆಯ ಹುಡುಗಿಯರು ತಾವಾಗಿಯೇ ಬಂದು ಕಂಬ ನೆಡಿ ಎಂದರು. ತಮ್ಮಂಥದೇ ಹಳ್ಳಿಯ ಹೆಣ್ಣುಮಗಳನ್ನು ಟಿವಿಯಲ್ಲಿ ಕಂಡದ್ದು ನನ್ನ ಎಷ್ಟೋ ಭಾಷಣಗಳಿಗಿಂತ ಹೆಚ್ಚು ನಾಟಿತ್ತು.

ಈಗ ಸಂಜೆ ಐದರಿಂದ ಆರೂವರೆಯವರೆಗೆ ನಮ್ಮ ಅಂಗಳ ಹುಡುಗಿಯರಿಗೆ ಮಾತ್ರ. ತಂಡಕ್ಕೆ ಆಯ್ಕೆಯಾದವರು, ಆಗದವರು ಎಂಬ ಭೇದವಿಲ್ಲ. ಶಿಕ್ಷಕಿಯೊಬ್ಬರು ಅಥವಾ ಯಾರಾದರೂ ತಾಯಂದಿರು ಕುಳಿತಿರುತ್ತಾರೆ. ಹುಡುಗರು ಮೊದಲ ವಾರ ಗೊಣಗಿದರು, ಆಮೇಲೆ ತಮ್ಮ ಹೊತ್ತನ್ನು ಬದಲಿಸಿಕೊಂಡರು.

ದ್ವಿತೀಯ_ಪಿಯು
ಸರ್, ನಮ್ಮ ಬಡಾವಣೆಯ ಸರ್ಕಾರಿ ಶಾಲೆಗೂ ಒಳ್ಳೆಯ ಅಂಗಳವಿದೆ. ನಾಲ್ಕೂವರೆಗೆ ಗೇಟಿಗೆ ಬೀಗ. ಅದನ್ನು ತೆರೆಸುವುದು ಹೇಗೆ? ಯಾರನ್ನು ಕೇಳಬೇಕು?

ಮೈದಾನದ_ಮೇಷ್ಟ್ರು
ಬೀಗ ಹಾಕುವುದಕ್ಕೂ ಕಾರಣವಿದೆ ತಂಗಿ. ತೆರೆದಿಟ್ಟರೆ ಬೆಳಿಗ್ಗೆ ಬಾಟಲಿ ಚೂರು ಆರಿಸುವುದು ನಮ್ಮ ಪಾಲಿಗೆ ಬರುತ್ತದೆ. ಯಾರಾದರೂ ಬಿದ್ದು ಕೈ ಮುರಿದುಕೊಂಡರೆ ಮುಖ್ಯ ಶಿಕ್ಷಕರನ್ನೇ ಕೇಳುತ್ತಾರೆ. ಅದಕ್ಕಾಗಿ ಬಾಯಿಮಾತಿನಲ್ಲಿ ಕೇಳಬೇಡ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೆ ಮತ್ತು ಮುಖ್ಯ ಶಿಕ್ಷಕರಿಗೆ ಒಂದೇ ಮನವಿ ಕೊಡಿ. ಎಷ್ಟು ಹೊತ್ತು, ಎಷ್ಟು ಜನ, ಬೀಗದ ಕೈ ಯಾರ ಜವಾಬ್ದಾರಿ, ಜೊತೆಗೆ ಯಾವ ಹಿರಿಯರು ಇರುತ್ತಾರೆ, ಇದಿಷ್ಟು ಸ್ಪಷ್ಟವಾಗಿರಲಿ. ನಾಲ್ಕೈದು ತಾಯಂದಿರ ಸಹಿ ಇದ್ದರೆ ಸಮಿತಿಯ ಸಭೆಯಲ್ಲಿ ಇಟ್ಟು ತೀರ್ಮಾನ ಬರೆಸಬಹುದು. ನಮ್ಮಲ್ಲಿ ಹಾಗೆಯೇ ಆಯಿತು.

ದ್ವಿತೀಯ_ಪಿಯು
ಮನವಿ ಬರೆಯಲು ನನಗೆ ಬರುವುದಿಲ್ಲ. 'ಮಾನ್ಯರೇ' ಆದ ಮೇಲೆ ಏನು ಬರೆಯಬೇಕೆಂದೇ ತಿಳಿಯುವುದಿಲ್ಲ.

ನಿವೃತ್ತ_ಗುಮಾಸ್ತ
ಮೂವತ್ತು ವರ್ಷ ಕಚೇರಿಯಲ್ಲಿ ಇನ್ನೇನು ಮಾಡಿದೆ ನಾನು? ವಿಷಯ, ಉಲ್ಲೇಖ, ಎರಡು ಪ್ಯಾರಾ, ಸಹಿಗಳ ಪಟ್ಟಿ. ಕರಡು ಇವತ್ತು ರಾತ್ರಿ ಇಲ್ಲೇ ಹಾಕುತ್ತೇನೆ, ಶಾಲೆಯ ಹೆಸರಿನ ಜಾಗ ಖಾಲಿ ಬಿಟ್ಟಿರುತ್ತೇನೆ. ಎರಡು ಪ್ರತಿ ತೆಗೆದುಕೊಂಡು ಹೋಗು. ಒಂದಕ್ಕೆ ಸ್ವೀಕೃತಿಯ ಮುದ್ರೆ, ದಿನಾಂಕ ಹಾಕಿಸಿಕೊಳ್ಳದೆ ಹಿಂದೆ ಬರಬೇಡ. ಮುದ್ರೆ ಇಲ್ಲದ ಅರ್ಜಿ ಅರ್ಜಿಯೇ ಅಲ್ಲ. ಬೆಂಚಿನ ಮೇಲೆ ಕೂರುವ ಅಂಕಲ್‌ಗಳ ಬಗ್ಗೆ ಬೇರೆ ಅರ್ಜಿ ಬರೆಯೋಣ.

ಲೆಕ್ಕದಕ್ಕ
ಆ ಎರಡನೆಯದಕ್ಕೆ ನನ್ನ ಸಹಿಯೂ ಇರಲಿ.

ತುಂಗಾತೀರ
ಕರಡು ಹಾಕಿದಾಗ ನನಗೂ ತಿಳಿಸಿ, ಮಗಳ ಶಾಲೆಗೆ ಅದನ್ನೇ ಬಳಸುತ್ತೇನೆ. ಇನ್ನೊಂದು ಸಣ್ಣ ಪ್ರಶ್ನೆ: ಹೊಸದಾಗಿ ಕಲಿಯುವ ಹುಡುಗನಿಗೆ ಗರಿಯ ಶಟಲ್ ಬೇಕೇ, ನೈಲಾನ್ ಸಾಕೇ?

ಹದಿನಾಲ್ಕನೇ_ಮಹಡಿ
ನೈಲಾನ್ ಸಾಕು. ಗರಿಯದ್ದಕ್ಕೆ ಸಾಲ ಮಾಡಬೇಕಾಗುತ್ತದೆ.

ಹುಬ್ಬಳ್ಳಿ_ಜಿಮ್
ನೈಲಾನ್‌ನಲ್ಲಿ ಕಲಿತರೆ ಕೈ ಹಾಳಾಗುತ್ತದೆ ಎನ್ನುವವರು ಈಗ ಬರುತ್ತಾರೆ ನೋಡಿ.

ಕಾಫಿತೋಟ
ಬಂದೆ. ಹಾಳಾಗುತ್ತದೆ.